ರೊಟ್ಟಿಗೊಂದು ಹೆಸರು

ಕೊನೆಯ ಸಾದಾ ದಿನವೂ ರೊಟ್ಟಿ ಬಡಿಯುವ ಸದ್ದಿನಿಂದಲೇ ಶುರುವಾಯಿತು. ನನ್ನ ಹೆಂಡತಿ ಸುವಾರ್ತಮ್ಮನ ಪ್ರಾರ್ಥನೆ ಆ ಸದ್ದಿನೊಳಗೇ ಇರುತ್ತಿತ್ತು. ಒಂದು ರೊಟ್ಟಿಗೆ ಒಬ್ಬರ ಹೆಸರು. ಕುರುಗೋಡಿನ ತಾಯಿ, ಸಿರುಗುಪ್ಪದ ತಮ್ಮ, ಕುಡತಿನಿಯಲ್ಲಿ ರಾತ್ರಿಪಾಳಿ ಮಾಡುವ ಅಕ್ಕನ ಮಗ. ಹೆಸರು ಹೇಳಿ, ಅವರಿಗೆ ಬೇಕಾದದ್ದು ಬೇಡಿ, ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು. ನಡುವೆ "ಏನ್ರಿ, ಒಲಿ ಸಣ್ಣ ಮಾಡ್ರಿ" ಎಂದು ನನಗೆ ಹೇಳಿ, ಬಿಟ್ಟಲ್ಲಿಂದಲೇ ದೇವರ ಜೊತೆ ಮಾತು ಮುಂದುವರಿಸುತ್ತಿದ್ದಳು. ದೇವರೂ ಅದಕ್ಕೆ ಹೊಂದಿಕೊಂಡಿದ್ದನೆಂದು ಕಾಣುತ್ತದೆ.

ನನ್ನ ಭಕ್ತಿ ಭಾನುವಾರದ್ದು. ಇಸ್ತ್ರಿ ಅಂಗಿಯ ಜೊತೆ ಮೈಮೇಲೆ ಬಂದು, ಮಧ್ಯಾಹ್ನ ಅಂಗಿಯ ಜೊತೆಯೇ ಗೂಟಕ್ಕೆ ಹೋಗುತ್ತಿತ್ತು. ದಿನದ ಆಹಾರ ಬೇಡುವ ಪ್ರಾರ್ಥನೆಯನ್ನು ಚರ್ಚಿನಲ್ಲಿ ನಾನೂ ಗಟ್ಟಿಯಾಗಿ ಹೇಳಿದವನೇ. ಬೇಡುತ್ತಲೇ ಬಡಿಯಬಹುದೆಂದು ಹೊಳೆದದ್ದು ಅವಳಿಗೆ. ಆ ಆಹಾರವೆಂದರೆ ಏನೆಂದು ಪಂಡಿತರು ಇನ್ನೂ ಚರ್ಚಿಸುತ್ತಾರಂತೆ. ನಮ್ಮ ಮನೆಯಲ್ಲಿ ಅದು ಜೋಳದ್ದು.

ಅವತ್ತೂ ಎಂದಿನಂತೆ ಪಕ್ಕದ ಮನೆಯ ಈರಮ್ಮನ ಹೆಸರು ಬಂತು. ಹಿಂದಿನ ಸಂಜೆಯಷ್ಟೇ ನಲ್ಲಿ ನೀರಿಗಾಗಿ ಇಬ್ಬರೂ ನಮ್ಮ ಬಳ್ಳಾರಿಯ ಓಣಿಗೆಲ್ಲ ಕೇಳುವಂತೆ ಜಗಳವಾಡಿದ್ದರು. ಈರಮ್ಮನ ಮೊಣಕಾಲು ನೋವು ಕಡಿಮೆ ಮಾಡಪ್ಪಾ ಎಂದು ಇವಳು ಬೇಡುತ್ತಿದ್ದಳು. ಬಡಿತ ಮಾತ್ರ ತುಸು ಜೋರಾಗಿತ್ತು. ನಾನು ಸುಮ್ಮನಿರಲಾರದೆ ಚುಡಾಯಿಸಿದೆ:

"ನಿನ್ನಿ ಆಕಿಗೆ ಬಾಯಿಗೆ ಬಂದಂಗ ಬೈದೀಯಲ್ಲ?"

"ಜಗಳ ನಂದೂ ಆಕೀದೂ. ಮೊಣಕಾಲು ಏನ್ ಮಾಡೈತ್ರಿ?"

ಮರುದಿನ ತಮ್ಮನನ್ನು ನೋಡಲು ಸಿರುಗುಪ್ಪಕ್ಕೆ ಹೋದವಳು ಅಲ್ಲಿ ಎದೆನೋವು ಬಂದು ತೀರಿಕೊಂಡಳು.

ಜನ ಬಂದರು, ಹಾಡಿದರು, ಹೋದರು. ಅಡುಗೆಮನೆ ಸುಮ್ಮನಾಯಿತು. ಒಂದು ಮುಂಜಾನೆ ಈರಮ್ಮ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಸುವಾರ್ತಮ್ಮನ ದನಿ ಗೋಡೆಯಾಚೆಗೂ ಕೇಳುತ್ತಿತ್ತಂತೆ; ತನ್ನ ಹೆಸರು ಬರುವ ತನಕ ಈಕೆ ತನ್ನ ಪೂಜೆಗೂ ಕೂಡುತ್ತಿರಲಿಲ್ಲವಂತೆ.

"ಅಣ್ಣಾ, ಇನ್ನ ನೀವರ ಹೇಳ್ರಿ. ನಿಮ್ಮ ದೇವ್ರಿಗೆ ನನ್ನ ಮೊಣಕಾಲು ಗೊತ್ತೈತಿ."

ಹೇಳುತ್ತಿದ್ದೇನೆ. ಕೈ ಸುಮ್ಮನಿದ್ದರೆ ಹೆಸರು ನೆನಪಾಗುವುದಿಲ್ಲವಾದ್ದರಿಂದ ರೊಟ್ಟಿಯನ್ನೂ ಕಲಿಯಬೇಕಾಯಿತು. ನನ್ನ ರೊಟ್ಟಿಗಳು ಒಡೆದು ಎರಡಾದ ಬಳ್ಳಾರಿ ಜಿಲ್ಲೆಯ ನಕಾಶೆಯಂತಿರುತ್ತವೆ. ಕೆಲವು ಬೆಳಗು ಏಳಲೇ ಮನಸ್ಸಾಗುವುದಿಲ್ಲ. ಜ್ವರ ಬಂದಾಗಲೂ, ಜಗಳವಾದಾಗಲೂ ಒಬ್ಬರನ್ನೂ ಬಿಡದೆ ಅವಳು ಇದನ್ನು ಹೇಗೆ ನಡೆಸಿದಳೋ ಎಂದು ಈಗ ಬೆರಗಾಗುತ್ತದೆ.

ಕುರುಗೋಡಿನಿಂದ ಹಿಡಿದು ಈರಮ್ಮನವರೆಗೆ ಎಲ್ಲರೂ ಬರುತ್ತಾರೆ. ಕೊನೆಯ ರೊಟ್ಟಿ ನನ್ನದಿತ್ತು. ಅದನ್ನು ಬಡಿಯುವಾಗ ಅವಳು ದನಿ ತಗ್ಗಿಸುತ್ತಿದ್ದಳು. ನನಗಾಗಿ ಏನು ಬೇಡುತ್ತಿದ್ದಳೋ ತಿಳಿಯದು. ಈಗಲೂ ಆ ರೊಟ್ಟಿ ಬಡಿಯುತ್ತೇನೆ. ನನ್ನ ಹೆಸರು ಹೇಳುವವರು ಇಲ್ಲ.