ಮಡಿಕೆ ಬಿಚ್ಚದ ಸೀರೆ

ನಮ್ಮ ಮನೆಯ ದೊಡ್ಡ ಟ್ರಂಕಿನಲ್ಲಿ ಹೊಸ ಟಾವೆಲುಗಳು ಒಂದರ ಮೇಲೊಂದು ಗರಿಗರಿಯಾಗಿ ಮಲಗಿರುವಾಗ, ನಾನು ದಿನವೂ ಮುಖ ಒರೆಸಿಕೊಳ್ಳುವುದು ಮಾತ್ರ ನಡುವೆ ತೂತು ಬಿದ್ದು, ಅಂಚು ಹರಿದು, ಮೂಲ ಬಣ್ಣ ಯಾವುದಿತ್ತೆಂಬುದು ಸಂಶೋಧನೆಯ ವಿಷಯವಾಗಿರುವ ಒಂದು ಪುರಾತನ ಟಾವೆಲಿನಿಂದ. ಒಮ್ಮೆ ಧೈರ್ಯ ಮಾಡಿ ಟ್ರಂಕಿಗೆ ಕೈ ಹಾಕಿದೆ. ನನ್ನ ಹೆಂಡತಿ ಸುಮಿತ್ರಾಳಿಗೆ ಅಡುಗೆಮನೆಯಲ್ಲಿದ್ದೇ ಅದು ಹೇಗೆ ಗೊತ್ತಾಯಿತೋ, "ಅದನ್ಯಾಕ ಮುಟ್ಟತೀರಿ? ಅವು ಒರಸೂ ಟಾವೆಲ್ ಅಲ್ರಿ, ಕೊಡೂ ಟಾವೆಲ್" ಎಂದಳು. ನಾನು ಕಳ್ಳನ ಹಾಗೆ ಮುಚ್ಚಳ ಮುಚ್ಚಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಹುಟ್ಟಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಮದುವೆಯಿರಲಿ, ಬಸುರಿಗೆ ಮಾಡುವ ಕುಬಸವಿರಲಿ, ಹೊಸ ಮನೆಯ ಪ್ರವೇಶವಿರಲಿ, ಬಂಧುಗಳು ಪರಸ್ಪರ ಬಟ್ಟೆ ಕೊಟ್ಟು ಗೌರವಿಸುವ ಪದ್ಧತಿಗೆ ನಮ್ಮಲ್ಲಿ ಆಯೇರಿ ಎನ್ನುತ್ತಾರೆ. ಗಂಡಸರಿಗೆ ಟೋಪಿ ಟಾವೆಲು, ಹೆಂಗಸರಿಗೆ ಸೀರೆ ಮತ್ತು ಕುಬಸ, ಅಂದರೆ ರವಿಕೆಯ ಬಟ್ಟೆ. ತಲೆಯ ಮೇಲೆ ಕೂರದ ಟೋಪಿಯನ್ನು ಫೋಟೋ ತೆಗೆಯುವವರೆಗೆ ಕೈಯಲ್ಲಿ ಹಿಡಿದುಕೊಂಡು, ಮನೆಗೆ ತಂದು ಟ್ರಂಕಿಗೆ ಹಾಕಿ, ಮುಂದಿನ ಮದುವೆಯಲ್ಲಿ ಇನ್ನೊಬ್ಬರ ತಲೆಗೆ ಏರಿಸುವುದು ವಾಡಿಕೆ. ಇದರಲ್ಲಿ ಯಾರೂ ಬಾಯಿ ಬಿಟ್ಟು ಹೇಳದ, ಆದರೆ ಎಲ್ಲರೂ ಪಾಲಿಸುವ ನಿಯಮವೊಂದಿದೆ: ಮಡಿಕೆ ಬಿಚ್ಚಬಾರದು. ಮಡಿಕೆ ಬಿಚ್ಚಿದರೆ ವಸ್ತು ನಿಮ್ಮದಾಯಿತು, ಬಿಚ್ಚದಿದ್ದರೆ ಅದು ಸಮಸ್ತ ಬಂಧುಬಳಗದ್ದು. ನಮ್ಮ ಸೀಮೆಯಲ್ಲಿ ಎಷ್ಟೋ ಸೀರೆಗಳು ಒಬ್ಬರ ಮೈಯನ್ನೂ ಕಾಣದೆ, ನಾವು ನೋಡದ ಊರುಗಳನ್ನೆಲ್ಲ ನೋಡಿ ಬಂದಿವೆ.

ನಾನು ನಿವೃತ್ತನಾಗುವವರೆಗೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟವನು. ನಿವೃತ್ತಿಯ ನಂತರ ಕೇಳುವವರಿಲ್ಲದ್ದರಿಂದ ಓದುವುದು ಹೆಚ್ಚಾಗಿ, ದೇಶದೇಶಗಳ ಜನಜೀವನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಸುಮಿತ್ರಾಳಿಗೆ ಹೇಳುತ್ತಿರುತ್ತೇನೆ. ಅವಳು ಸೊಪ್ಪು ಸೋಸುತ್ತ ಕೇಳುತ್ತಾಳೆ, ಅಥವಾ ಸೊಪ್ಪನ್ನಷ್ಟೇ ಸೋಸುತ್ತಾಳೆ. ಪೆಸಿಫಿಕ್ ಸಾಗರದ ಕೆಲವು ದ್ವೀಪವಾಸಿಗಳು ಚಿಪ್ಪಿನ ಸರಗಳನ್ನು ಹೊತ್ತು, ಪ್ರಾಣವನ್ನು ಕೈಯಲ್ಲಿ ಹಿಡಿದು, ದೋಣಿಯಲ್ಲಿ ಸಮುದ್ರ ದಾಟಿ ಹೋಗಿ ಇನ್ನೊಂದು ದ್ವೀಪದ ಗೆಳೆಯರಿಗೆ ಕೊಟ್ಟು ಬರುತ್ತಾರಂತೆ. ಪಡೆದವರು ಅದನ್ನು ಸದಾಕಾಲ ಇಟ್ಟುಕೊಳ್ಳುವಂತಿಲ್ಲ, ಮುಂದಿನ ದ್ವೀಪಕ್ಕೆ ದಾಟಿಸಬೇಕು. ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳ ಮುಖಂಡರು ಔತಣಕ್ಕೆ ಕರೆದವರಿಗೆ ಕಂಬಳಿಗಳ ರಾಶಿಯನ್ನೇ ಹಂಚಿ, ಎದುರಾಳಿಗೆ ನಾಚಿಕೆಯಾಗಲೆಂದು ಉಳಿದದ್ದನ್ನು ಕೆಲವೊಮ್ಮೆ ಬೆಂಕಿಗೂ ಹಾಕುತ್ತಿದ್ದರಂತೆ. ಜಪಾನಿನಲ್ಲಿ ಕಾಣಿಕೆಯನ್ನು ಸುತ್ತಿ ಕೊಡುವ ಕಲೆಗೆ ಕಾಣಿಕೆಯಷ್ಟೇ ಬೆಲೆ; ಕೊಟ್ಟವರ ಎದುರಿಗೆ ಬಿಚ್ಚಿ ನೋಡುವುದು ಸಭ್ಯತೆಯಲ್ಲವೆಂದು ಹಳಬರು ಎಣಿಸುತ್ತಾರೆ. ಇದನ್ನೆಲ್ಲ ಕೇಳಿದ ಸುಮಿತ್ರಾ ತಲೆಯೆತ್ತಿ, "ಜಪಾನದವರು ನಮ್ಮ ಕಡೆಯವರ ಇರಬೇಕ್ರಿ" ಎಂದಿದ್ದಳು.

ಈ ಜ್ಞಾನವೆಲ್ಲ ನನ್ನ ಸಹಾಯಕ್ಕೆ ಬರಬೇಕಾದ ಪ್ರಸಂಗ ಮೊನ್ನೆ ಮಗಳು ವೀಣಾಳ ಮದುವೆ ಗೊತ್ತಾದಾಗ ಒದಗಿತು. ನಮ್ಮ ಮನೆತನದಲ್ಲಿ ಮದುಮಗಳಿಗೆ ಅರಿಷಿಣ ಹಚ್ಚುವ ಮೊದಲ ಕೈ ಸೋದರತ್ತೆಯದು. ವೀಣಾಳಿಗೆ ಇರುವ ಸೋದರತ್ತೆ ಒಬ್ಬಳೇ, ಹುಕ್ಕೇರಿಗೆ ಕೊಟ್ಟ ನನ್ನ ಅಕ್ಕ ನೀಲವ್ವ. ಅಕ್ಕ ಬರಲಾರೆನೆಂದು ಹೇಳಿ ಕಳಿಸಿದಳು. ಕಾರಣ ಮೊಣಕಾಲು ನೋವು. ಆದರೆ ಅದೇ ಮೊಣಕಾಲಿನಲ್ಲಿ ಅವಳು ದಿನಾ ಬೆಳಗ್ಗೆ ಊರೆಲ್ಲ ತಿರುಗುವ ಸುದ್ದಿ ನಮಗೆ ಬರುತ್ತಿತ್ತು. ಮೂಡಲಗಿಯಲ್ಲಿರುವ ನನ್ನ ತಮ್ಮ ಬಸಪ್ಪನ ಹೊಸ ಮನೆಯ ಪ್ರವೇಶಕ್ಕೆ ನಗುನಗುತ್ತ ಬಂದು, ಆಯೇರಿ ಮಾಡಿಸಿಕೊಂಡು ಹೋದವಳು, ಅಂದಿನಿಂದ ಬಸಪ್ಪನ ಮನೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದಳು; ಮದುವೆಗೆ ಬಂದರೆ ಅವರ ಮುಖ ನೋಡಬೇಕಾಗುತ್ತಿತ್ತು. ಏನಾಯಿತೆಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದಳು. ಬಸಪ್ಪನ ಹೆಂಡತಿ ಕಮಲವ್ವ ಪಾಪ, ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಅಳುತ್ತಿದ್ದಳು. ನನಗೂ ಸಂಕಟವಾಗುತ್ತಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಅವಳಿಲ್ಲದೆ ನನ್ನ ಮಗಳಿಗೆ ಅರಿಷಿಣ ಹತ್ತುವುದೆಂದರೆ ನನಗೆ ಅದು ಮದುವೆಯೇ ಅಲ್ಲ.

ಅಂತೂ ನಾನೂ ಸುಮಿತ್ರಾಳೂ ಹುಕ್ಕೇರಿಗೆ ಹೋದೆವು. ಅಕ್ಕ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಎಮ್ಮೆಯ ಮೊಸರು ಸುರಿದು, ಇಷ್ಟೆಲ್ಲ ಪ್ರೀತಿಯ ನಡುವೆಯೂ ಮದುವೆಯ ಮಾತಿಗೆ ಮಾತ್ರ ಮೊಣಕಾಲನ್ನೇ ಮುಂದಿಟ್ಟಳು. ಸುಮಿತ್ರಾ ಒತ್ತಾಯಿಸಿ ಕೇಳಿದ ಮೇಲೆ ಒಳಗಿನಿಂದ ಒಂದು ಸೀರೆ ತಂದು ನಮ್ಮ ಮುಂದೆ ಇಟ್ಟಳು. ಗಿಳಿಹಸಿರು ಮೈ, ಸಾಸಿವೆ ಬಣ್ಣದ ಅಂಚು. ಇದು ಬಸಪ್ಪನ ಮನೆಯಲ್ಲಿ ತನಗೆ ಬಂದ ಆಯೇರಿಯೆಂದೂ, ಇದೇ ಸೀರೆಯನ್ನು ತಾನೇ ಹಿಂದೆ ದಡ್ಡಿ ಎಂಬ ಊರಿನ ಕುಬಸವೊಂದರಲ್ಲಿ ಕೊಟ್ಟದ್ದೆಂದೂ ಹೇಳಿದಳು. ಕೊಟ್ಟದ್ದು ಕೊಟ್ಟವರಿಗೇ ತಿರುಗಿ ಬರುವುದು! ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ನನ್ನ ಪಾಂಡಿತ್ಯಕ್ಕೆ ಇಂಥ ಸದವಕಾಶ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ನಾನು ಕಾಲು ಮಡಚಿ ಕುಳಿತು ಪೆಸಿಫಿಕ್ ಸಾಗರದಿಂದ ಶುರುಮಾಡಿದೆ. ಚಿಪ್ಪಿನ ಸರ ದ್ವೀಪದಿಂದ ದ್ವೀಪಕ್ಕೆ ಸಾಗಿ ಸುತ್ತು ಹಾಕುವುದನ್ನು ಅಲ್ಲಿಯ ಜನ ಅವಮಾನವೆಂದು ಬಗೆಯುವುದಿಲ್ಲ. ಸರ ಮುಂದೆ ಸಾಗುತ್ತಿದೆಯೆಂದರೆ ನಡುವಿನ ಒಂದು ಸ್ನೇಹವೂ ಹರಿದಿಲ್ಲವೆಂದೇ ಅರ್ಥ. ಆದ್ದರಿಂದ ಈ ಸೀರೆಯ ಪುನರಾಗಮನ ನಮ್ಮ ಬಂಧುತ್ವದ ಅಖಂಡತೆಗೆ ಸಾಕ್ಷಿ ಎಂದು ಸಿದ್ಧಾಂತಪಡಿಸಿ, ಚಪ್ಪಾಳೆ ನಿರೀಕ್ಷಿಸುವವನಂತೆ ಅಕ್ಕನ ಮುಖ ನೋಡಿದೆ.

"ನೀ ಹೇಳೂದು ಖರೆ ಇರಬೇಕು, ತಮ್ಮಾ" ಎಂದಳು ಅಕ್ಕ. "ಆದ್ರ ಚಿಪ್ಪಿನ ಸರಾನ ಇಲಿ ಕಡಿಯೂದಿಲ್ಲ."

ಸುಮಿತ್ರಾ ತಟ್ಟನೆ ಕೇಳಿದಳು: "ಇಲಿ? ಯಾವ ಇಲಿರಿ, ಅಕ್ಕಾರ?"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಇಲಿ ಹೊರಗೆ ಬಂದಾಗಿತ್ತು. ಸೀರೆ ತನ್ನದೇ ಎಂದು ಅಕ್ಕನಿಗೆ ಅಷ್ಟು ಖಾತ್ರಿಯಾಗಿದ್ದು ಒಳ ಮಡಿಕೆಯಲ್ಲಿ ಇಲಿ ಕಡಿದ ತೂತಿನಿಂದ. ಅದನ್ನು ಹೇಳಿ ಜಗಳವಾಡಬೇಕೆಂದರೆ, ತೂತಿದ್ದ ಸೀರೆಯನ್ನೇ ತಾನು ದಡ್ಡಿಯವರಿಗೆ ದಾಟಿಸಿದ್ದು ಬಯಲಾಗುತ್ತದೆ. ಹೇಳುವಂತಿಲ್ಲ, ಬಿಡುವಂತಿಲ್ಲ, ಹೀಗಾಗಿ ಇಡೀ ಸಿಟ್ಟು ಮೊಣಕಾಲಿಗೆ ಇಳಿದಿತ್ತು.

"ಆ ಹೊತ್ತಿಗಿ ಬ್ಯಾರೆ ಸೀರಿ ಇದ್ದಿದ್ದಿಲ್ಲವ್ವಾ. ತೂತ ಒಳಗ ಮಾಡಿ ಮಡಚಿ ಕೊಟ್ಟೆ" ಎಂದು ಅಕ್ಕ ಒಪ್ಪಿಕೊಂಡಳು.

ಸುಮಿತ್ರಾ ಆ ಸೀರೆಯನ್ನು ಹತ್ತಿರ ಎಳೆದುಕೊಂಡು ದಿಟ್ಟಿಸಿದಳು. ಆಮೇಲೆ ಮೆಲ್ಲಗೆ, "ಇದು ನಮ್ಮ ಮನಿಗೂ ಬಂದಿತ್ತರಿ. ಹತ್ತರಗಿ ಬೀಗರು ಕೊಟ್ಟಿದ್ದರು. ಮೂಡಲಗಿಗಿ ಕೊಟ್ಟಾಕಿ ನಾನ" ಎಂದಳು. ಇಬ್ಬರೂ ಕೂಡಿ ಜಾಡು ಹಿಡಿದು ಹೊರಟರು. ದಡ್ಡಿಯಿಂದ ಸಂಕೇಶ್ವರ, ಅಲ್ಲಿಂದ ಹತ್ತರಗಿ, ಹತ್ತರಗಿಯಿಂದ ನಮ್ಮ ಗೋಕಾಕ, ನಮ್ಮಿಂದ ಮೂಡಲಗಿ, ಮೂಡಲಗಿಯಿಂದ ತಿರುಗಿ ಹುಕ್ಕೇರಿ. ಮೂರು ತಾಲೂಕು ಸುತ್ತಿದ ಸೀರೆಯನ್ನು ಒಬ್ಬರಾದರೂ ಬಿಚ್ಚಿ ನೋಡಿರಲಿಲ್ಲ. ಒಳಗಿನ ತೂತು ಅಷ್ಟು ಮನೆಗಳ ಮರ್ಯಾದೆಯನ್ನು ಕಾಪಾಡಿಕೊಂಡು ಬಂದಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಕ್ಕ ನಗುತ್ತ ನಗುತ್ತಲೇ ಕಣ್ಣು ಒರೆಸಿಕೊಳ್ಳತೊಡಗಿದಾಗ ಇದು ಬರೀ ನಗುವಲ್ಲವೆಂದು ನನಗೆ ತಡವಾಗಿ ಹೊಳೆಯಿತು.

"ಮತ್ತ ನೀವ್ಯಾಕ ಮಡಿಕಿ ಬಿಚ್ಚಿದ್ರಿ, ಅಕ್ಕಾರ?" ಎಂದು ಸುಮಿತ್ರಾ ಕೇಳಿದಳು.

"ಅಪ್ಪ ಹೋದ ಮ್ಯಾಲ ತವರಮನಿಯಿಂದ ಬಂದ ಮದಲನೇ ಸೀರಿ ಅದು. ಬಸ್ಯಾ ಕೊಟ್ಟಾನ, ಉಟಗೋಬೇಕಂತ ಆಸೆ ಆತು. ಮನಿಗಿ ಬಂದಾಕಿನ ಬಿಚ್ಚಿದೆ."

ಆಯೇರಿಯ ಆ ಸುದೀರ್ಘ ಯಾತ್ರೆಯಲ್ಲಿ, ಕೊಟ್ಟದ್ದನ್ನು ನಿಜವಾಗಿ ತನಗೇ ಕೊಟ್ಟದ್ದೆಂದು ನಂಬಿದವಳು ನನ್ನ ಅಕ್ಕ ಒಬ್ಬಳೇ. ಅದಕ್ಕಾಗಿಯೇ ಅವಳು ನೊಂದಳು. ನಾನು ಇನ್ನೊಂದು ರೊಟ್ಟಿ ಕೇಳಿದೆ, ಅವಳು ಬಡಿಸಿದಳು. ನಾವು ಹೊರಡುವಾಗ ಅಕ್ಕ ಮದುವೆಗೆ ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಹೇಳಲಿಲ್ಲ.

ಅರಿಷಿಣದ ದಿನ ಬೆಳಗ್ಗೆ ಅಂಗಳದಲ್ಲಿ ರಿಕ್ಷಾ ನಿಂತಿತು. ಅಕ್ಕ ಮೊಣಕಾಲಿನ ನೆನಪೇ ಇಲ್ಲದವಳಂತೆ ಇಳಿದು, ನೇರ ವೀಣಾಳ ಬಳಿಗೆ ಹೋಗಿ ಚೀಲದಿಂದ ಒಂದು ಸೀರೆ ತೆಗೆದಳು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯಿಲ್ಲ, ಅಂಗಡಿಯ ಚೀಟಿಯಿಲ್ಲ, ನಿರಿಗೆಯ ಗೆರೆಗಳು ಎದ್ದು ಕಾಣುತ್ತಿವೆ. ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಹೊಸಾದ ಐತಿ, ಆದ್ರ ಒಮ್ಮಿ ಉಟ್ಟು ತಂದೀನಿ" ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ಇದನ್ನ ಉಟಗೊಂಡ ಸಂಕೇಶ್ವರದ ಸಂತಿ ಮಾಡೀನಿ. ಇನ್ನ ಇದನ್ನ ಯಾರಿಗೂ ದಾಟಸಾಕ ಬರೂದಿಲ್ಲ, ವೀಣಾ. ನೀನ ಉಡಬೇಕು."

ವೀಣಾ ಅಲ್ಲೇ ಎದ್ದು ಹೋಗಿ ಅದನ್ನು ಉಟ್ಟು ಬಂದು ಅರಿಷಿಣಕ್ಕೆ ಕುಳಿತಳು. ಬಾಗಿಲ ಹಿಂದೆ ನಿಂತಿದ್ದ ಕಮಲವ್ವ ಹೆದರುತ್ತ ಹತ್ತಿರ ಬಂದು, "ಅಕ್ಕಾರ, ನನಗ ಕೊಡೂವಾಗೂ ಉಟ್ಟದ್ದನ್ನ ಕೊಡ್ರಿ" ಎಂದಳು. ಅಕ್ಕ ಅವಳ ಗಲ್ಲಕ್ಕೂ ಒಂದಿಷ್ಟು ಅರಿಷಿಣ ಬಳಿದು, "ಕೊಡತೀನಿ. ನೀನೂ ಹಂಗ ಕೊಡಬೇಕ ನೋಡು" ಎಂದಳು.

ಮದುವೆ ಮುಗಿದು ಅಕ್ಕ, ಕಮಲವ್ವ ಇಬ್ಬರನ್ನೂ ಬೀಳ್ಕೊಡಲು ಗೋಕಾಕದ ಬಸ್ ನಿಲ್ದಾಣಕ್ಕೆ ಹೋದಾಗ ನಾನು ಬೆರಗಾದೆ. ಹಿಂದಿನ ದಿನ ಕಮಲವ್ವನ ಮೈಮೇಲೆ ಕಂಡಿದ್ದ ಸೀರೆಯುಟ್ಟು ಅಕ್ಕ ಹುಕ್ಕೇರಿ ಬಸ್ಸು ಹತ್ತಿದಳು. ಅಕ್ಕನ ಸೀರೆಯುಟ್ಟ ಕಮಲವ್ವ ಮೂಡಲಗಿ ಬಸ್ಸು ಹತ್ತಿದಳು. ಕಿಟಕಿಯಿಂದ ಕಿಟಕಿಗೆ ಇಬ್ಬರೂ ಕೈ ಬೀಸಿದರು. ನಾನು ಓದಿದ ಯಾವ ದೇಶದ ಯಾವ ಜನಾಂಗದಲ್ಲೂ ಇಂಥ ಪದ್ಧತಿಯಿಲ್ಲವೆಂದು ಹೇಳಲು ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ. ಸುಮಿತ್ರಾಳ ಮುಖ ಊದಿಕೊಂಡಿತ್ತು.

"ಎಲ್ಲಾ ಮಾಡಿದಾಕಿ ನಾನು. ನನಗ ಮಾತ್ರ ಮಡಿಕಿ ಬಿಚ್ಚದ ಹೊಸಾ ಸೀರಿ ಕೊಟ್ಟ ಹೋದರು, ನೋಡ್ರಿ" ಎಂದಳು.