ತೂಕಕ್ಕೊಬ್ಬರು ಸಾಕ್ಷಿ

ನಮ್ಮ ಮನೆತನದಲ್ಲಿ ಸಾವಾದ ಮೇಲೆ ಯಾರೂ ತಾವಾಗಿ ಎದ್ದು ಕೆಲಸ ಶುರು ಮಾಡುವ ಹಾಗಿಲ್ಲ. ಸೋದರಮಾವ ಬರಬೇಕು, ತಲೆಗೆ ಹೊಸ ಟವೆಲು ಸುತ್ತಬೇಕು, ಕೈ ಹಿಡಿದು ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಬೇಕು. ರೈತನಾದರೆ ಹೊಲದಲ್ಲಿ ಒಂದು ಸಾಲು ಕುಂಟೆ ಹೊಡೆಯುತ್ತಾನೆ. ಅಂಗಡಿಯವನಾದರೆ ತಕ್ಕಡಿ ಎತ್ತುತ್ತಾನೆ. ಕೆಲಸ ಶುರುವಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮಾವ ಆ ಮನೆಯಲ್ಲಿ ಉಣ್ಣಬೇಕು. ಅವನು ಉಂಡ ಮೇಲೆ ಉಳಿದವರು.

ಅಕ್ಕ ತೀರಿಕೊಂಡಾಗ ಹೊರ್ತಿಯಿಂದ ಮಾಮ ಬಂದರು, ಅವ್ವನ ಅಣ್ಣ. ನನ್ನ ಕೆಲಸದ ಜಾಗ ಇಂಡಿ ಊರಿನ ನಮ್ಮ ಮನೆಯ ಮೇಲಿನ ಕೋಣೆ. ಮಾಮ ನನ್ನ ಕೈ ಹಿಡಿದು, ಮೊದಲ ಸಲ ಸಾಲೆಗೆ ಹೋಗುವ ಹುಡುಗನನ್ನು ಕರೆದೊಯ್ಯುವಂತೆ ಮೆಟ್ಟಿಲು ಹತ್ತಿಸಿದರು. ನನ್ನ ತಲೆಯ ಕೂದಲು ಅರ್ಧ ಬೆಳ್ಳಗಾಗಿದೆ. ಟವೆಲು ಸುತ್ತಿಕೊಂಡೇ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ಮಾಮ ಅಕ್ಕನ ಕುರ್ಚಿಯಲ್ಲಿ ಕುಳಿತು, ಶುರು ಮಾಡು ಎಂದರು.

ಶುರುವಾಗಲಿಲ್ಲ.

ಅಕ್ಕ ಮತ್ತು ನಾನು ಲಿಂಬೆಹಣ್ಣಿನ ಕೆಲವು ವ್ಯಾಪಾರಿಗಳಿಗಾಗಿ ಒಂದು ವೆಬ್ ಪ್ರೋಗ್ರಾಂ ನಡೆಸುತ್ತಿದ್ದೆವು. ಇಂಡಿ, ಸಿಂದಗಿ ಕಡೆಯ ರೈತರು ಚೀಲ ತರುತ್ತಾರೆ. ತೂಕವಾಗಿ, ಸವಾಲಿನಲ್ಲಿ ಹರಾಜಾಗಿ, ಕೊನೆಗೆ ಮಾರಿದ್ದರ ಪಟ್ಟಿ ಅವರ ಕೈಗೆ ಬರುವವರೆಗಿನ ಲೆಕ್ಕವೆಲ್ಲ ಅದರಲ್ಲಿ. ಅಕ್ಕ ಅದನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬಿಡಿಬಿಡಿ ತುಂಡುಗಳಾಗಿ ಬರೆದಿದ್ದಳು. ಪ್ರತಿ ತುಂಡೂ ತಾನು ಯಾವ ಸೇವೆ ಕೊಡುತ್ತೇನೆ, ತನಗೆ ಯಾರಿಂದ ಯಾವ ಸೇವೆ ಬೇಕು ಎಂದು ಮೊದಲೇ ಹೇಳಿಕೊಂಡಿರುತ್ತದೆ. ಬೇಕಾದದ್ದು ಸಿಗುವವರೆಗೆ ಅದು ಏಳುವುದಿಲ್ಲ. ಕೂಗಾಡುವುದೂ ಇಲ್ಲ, ಸುಮ್ಮನೆ ಕಾಯುತ್ತದೆ. ನಾನು ಬರೆದದ್ದು ಪಟ್ಟಿಯ ತುಂಡು ಮತ್ತು ಪುಟದ ಬಣ್ಣ. ಒಳಗಿನದೆಲ್ಲ ಅಕ್ಕನದು.

ನಾವು ಬಾಡಿಗೆಗೆ ಪಡೆದಿದ್ದ ಸರ್ವರನ್ನು ಅಕ್ಕ ತೀರಿಕೊಳ್ಳುವ ಸ್ವಲ್ಪ ಮೊದಲು ಮುಚ್ಚಿ ಹೊಸದೊಂದನ್ನು ಕೊಟ್ಟಿದ್ದರು. ತುಂಡುಗಳನ್ನೆಲ್ಲ ಅಲ್ಲಿಗೆ ಸಾಗಿಸಿದ್ದೆ, ಏಳಿಸಿ ನೋಡಿರಲಿಲ್ಲ. ಈಗ ನೋಡಿದರೆ ಪುಟ ಖಾಲಿ. ಅಕ್ಕನನ್ನು ಕೇಳೋಣ ಎಂದು ಕುರ್ಚಿಯ ಕಡೆ ತಿರುಗಿದೆ. ಮಾಮ ಕುಳಿತಿದ್ದರು.

‘ಆತೇನು?’ ಎಂದರು.

‘ಇಲ್ರಿ ಮಾಮಾ. ಪಟ್ಟಿ ಸವಾಲಿನ ದಾರಿ ಕಾಯಾಕತ್ತೇತಿ. ಸವಾಲು ತೂಕದ ದಾರಿ ಕಾಯಾಕತ್ತೇತಿ.’

ಹೀಗೆ ಹೇಳಿದ್ದು ತಪ್ಪಾಯಿತು. ಮಾಮ ಹೊರ್ತಿಯಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳ ಬಿಡಿಸುವವರು. ಅವರ ಬೆನ್ನು ನೆಟ್ಟಗಾಯಿತು. ಕನ್ನಡಕದ ಡಬ್ಬಿ, ಎಲೆ‌ಅಡಿಕೆಯ ಚೀಲ, ನೀರಿನ ತಂಬಿಗೆ ಮೂರನ್ನೂ ನೆಲದ ಮೇಲೆ ಸಾಲಾಗಿಟ್ಟರು. ಡಬ್ಬಿ ಪಟ್ಟಿ, ಚೀಲ ಸವಾಲು, ತಂಬಿಗೆ ತೂಕ. ಒಬ್ಬೊಬ್ಬರನ್ನೇ ಕೇಳುತ್ತೇನೆ, ಅವರ ಪರವಾಗಿ ನೀನು ಉತ್ತರ ಕೊಡು, ಸುಳ್ಳು ಸೇರಿಸಬೇಡ ಎಂದು ಕಟ್ಟು ಮಾಡಿದರು. ನಾನು ಪರದೆ ನೋಡಿ ಓದುತ್ತ ಹೋದೆ. ತನಗೇನೂ ಕೊರತೆಯಿಲ್ಲ, ತೂಕವೊಂದು ಎದ್ದರೆ ಸಾಕು ಎಂದು ಸವಾಲು ಹೇಳಿದ್ದು ಮಾಮನಿಗೆ ಹಿಡಿಸಲಿಲ್ಲ. ಇಂಥ ಸಾಚಾ ಮಾತಾಡುವವನೇ ಬದು ಒತ್ತಿರುತ್ತಾನೆ ಎಂದು ಎಲೆ‌ಅಡಿಕೆ ಚೀಲವನ್ನು ಬಹಳ ಹೊತ್ತು ದಿಟ್ಟಿಸಿದರು. ಕೊನೆಗೆ, ಯಾರೂ ಯಾರ ದಾರಿಯನ್ನೂ ಕಾಯದೆ ಮೂವರೂ ಒಮ್ಮೆಲೇ ಏಳಬೇಕು ಎಂದು ತೀರ್ಪು ಕೊಟ್ಟರು. ಹಿರಿಯರ ಮಾತು. ಎಲ್ಲವನ್ನೂ ನಿಲ್ಲಿಸಿ ಒಮ್ಮೆಲೇ ಏಳಿಸಿದೆ. ಮೂರೂ ಮೊದಲಿನಂತೆ ಕುಳಿತವು. ಮಾಮ ತಂಬಿಗೆಯ ನೀರು ಕುಡಿದು, ಖಾಲಿ ತೂಕವನ್ನು ಮತ್ತೆ ಅದರ ಜಾಗದಲ್ಲಿಟ್ಟರು.

ಕೆಳಗೆ ಅವ್ವ, ತನ್ನ ಅಣ್ಣ ಉಣ್ಣದೆ ತಾನು ಉಣ್ಣುವಂತಿಲ್ಲವೆಂದು ಕುಳಿತಿದ್ದಳು. ಹೊರ್ತಿಯಿಂದ ಮಾಮಿಯ ಫೋನು ಬಂತು. ಎಮ್ಮೆ ಮಾಮನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಕೊಡುತ್ತಿಲ್ಲ, ಬೇಗ ಬರಬೇಕಂತೆ. ಎಮ್ಮೆ ಮಾಮನಿಗಾಗಿ, ಮಾಮ ನನಗಾಗಿ, ನಾನು ಪಟ್ಟಿಗಾಗಿ ಕಾಯುತ್ತಿದ್ದೆವು.

ಸಾಲಿನ ತುದಿಯಲ್ಲಿ ಯಾರಿದ್ದಾರೆ ಎಂದು ನೋಡುವುದೊಂದೇ ಉಳಿದಿತ್ತು. ತೂಕ ಯಾರಿಗಾಗಿ ಕಾಯುತ್ತಿದೆ ಎಂದು ಓದಿದೆ. ‘ಸಾಕ್ಷಿ’ ಎಂಬ ಇನ್ನೊಂದು ತುಂಡಿಗಾಗಿ. ಅದರ ಕತೆ ನನಗೆ ಗೊತ್ತಿತ್ತು. ತೂಗುವ ಕಾಟಾದಲ್ಲಿ ಕಂಡ ತೂಕವನ್ನು ಬರೆದುಕೊಳ್ಳುವವನು ಕೊಳ್ಳುವವರ ಕಡೆಯ ಮನುಷ್ಯ. ಆ ಹೊತ್ತಿಗೆ ರೈತ ಉಳಿದ ಚೀಲ ಇಳಿಸುತ್ತಿರುತ್ತಾನೆ. ಹಾಗಾಗಿ ಅಕ್ಕ ಒಂದು ನಿಯಮ ಹಾಕಿದ್ದಳು. ಕಾಟಾದ ಹತ್ತಿರ ನಿಂತ ಮೂರನೆಯವರೊಬ್ಬರು ಹೂಂ ಎನ್ನದೆ ತೂಕ ಮುಂದಕ್ಕೆ ಹೋಗಕೂಡದು. ಸಂತೆಯ ದಿನ ತಾನೇ ಅಲ್ಲಿ ನಿಲ್ಲುತ್ತಿದ್ದಳು. ಪ್ರೋಗ್ರಾಂ ಅವಳಿಗೆ ಫೋನು ಮಾಡಿ ತೂಕ ಹೇಳುತ್ತಿತ್ತು. ಅವಳು ಕಾಟಾ ನೋಡಿ ಫೋನಿನಲ್ಲಿ ಒಂದರ ಅಂಕಿ ಒತ್ತುತ್ತಿದ್ದಳು.

ಪುಣೆಯಲ್ಲಿ ಇದೇ ಪ್ರೋಗ್ರಾಮಿನ ಕೆಲಸ ಮಾಡುವ ಅಕ್ಕನ ಗೆಳತಿಯೊಬ್ಬಳಿಗೆ ಫೋನು ಮಾಡಿದೆ. ಸಾಕ್ಷಿ ಬೇಕೇ ಬೇಕು ಎಂದು ತೂಕದಲ್ಲಿ ಬರೆದಿರುವುದನ್ನು ಇದ್ದರೆ ಇರಲಿ ಎಂದು ಬದಲಾಯಿಸು, ಒಂದೇ ಪದ, ಎಲ್ಲ ಎದ್ದು ನಿಲ್ಲುತ್ತವೆ ಎಂದಳು. ಅಷ್ಟರಲ್ಲಿ ಲಿಂಬೆಯ ಸಾಹುಕಾರರೊಬ್ಬರ ಫೋನೂ ಬಂತು. ಸೋಮವಾರ ಸಂತೆ, ಪ್ರೋಗ್ರಾಂ ಏಳದಿದ್ದರೆ ಬೇರೆ ವ್ಯವಸ್ಥೆ ನೋಡಿಕೊಳ್ಳುತ್ತೇವೆ ಎಂದರು. ಅಡ್ಡ ಬಂದದ್ದು ಏನೆಂದು ಹೇಳಿದೆ.

‘ಸಾಕ್ಷಿ ಬ್ಯಾಡ ಅಂತ ಯಾರ ಅಂದಾರ ತಮ್ಮಾ? ಇದೊಂದ್ ಸಂತಿ ಬಿಟ್ಟ ನೋಡೂಣು.’

ಒಂದು ಸಂತೆಗೆ ಸಾಕ್ಷಿ ಬಿಟ್ಟರೆ ಅದು ಮರಳಿ ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ. ಪಟ್ಟಿ, ಸವಾಲು ಯಾರು ಬೇಕಾದರೂ ಬರೆದಾರು. ಸಾಕ್ಷಿ ಮಾತ್ರ ಅಕ್ಕನದು. ಆ ಪದ ಬದಲಾಯಿಸಲು ನನ್ನ ಕೈ ಏಳಲಿಲ್ಲ. ಬದಲಾಯಿಸದಿದ್ದರೆ ಸೋಮವಾರಕ್ಕೆ ಪ್ರೋಗ್ರಾಂ ಪೂರ್ತಿ ಹೋಗುತ್ತಿತ್ತು.

ಸಾಕ್ಷಿಯನ್ನು ಮತ್ತೊಮ್ಮೆ ತೆಗೆದು ನೋಡಿದೆ. ಅದು ಬೇರೆ ಯಾವ ತುಂಡಿಗಾಗಿಯೂ ಕಾಯುತ್ತಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಒಂದು ಚಿಕ್ಕ ಫೈಲು. ಸಾಕ್ಷಿ ಹೇಳುವವರ ಫೋನ್ ನಂಬರನ್ನು ಅಕ್ಕ ಪ್ರೋಗ್ರಾಮಿನಲ್ಲಿ ಬರೆಯದೆ ಬೇರೆ ಫೈಲಿನಲ್ಲಿ ಇಟ್ಟಿದ್ದಳು. ಅದು ಹಳೆಯ ಸರ್ವರಿನ ಜೊತೆಗೇ ಹೋಗಿತ್ತು. ಹೊಸದಾಗಿ ಒಂದು ಫೈಲು ಮಾಡಿ, ಬಾಯಿಪಾಠವಿದ್ದ ಅಕ್ಕನ ನಂಬರನ್ನೇ ಬರೆದೆ. ಕೈಗೆ ಬೇರೆ ನಂಬರು ಬರಲಿಲ್ಲ.

ಸಾಕ್ಷಿ ಎದ್ದಿತು. ಅದರ ಹಿಂದೆ ತೂಕ, ಸವಾಲು, ಪಟ್ಟಿ ಸಾಲಾಗಿ ಎದ್ದವು. ಸತ್ತವಳ ನಂಬರು ಸಾಕಾಗಿತ್ತು ಅವಕ್ಕೆ. ಮಾಮ ತಂಬಿಗೆ, ಚೀಲ, ಡಬ್ಬಿ ಎತ್ತಿಕೊಂಡು ಊಟಕ್ಕೆ ಹೊರಟರು. ಒಮ್ಮೆ ಪರೀಕ್ಷಿಸೋಣವೆಂದು ಇಲ್ಲದ ಚೀಲವೊಂದಕ್ಕೆ ನಲವತ್ತು ಕಿಲೋ ಎಂದು ಬರೆದೆ.

ಕೆಳಗೆ ಅಡುಗೆಮನೆಯಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಅವ್ವ ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದಳೆಂದು ನನಗೆ ತಿಳಿದದ್ದೇ ಆಗ.

ನಾವು ಇಳಿದು ಹೋಗುವಷ್ಟರಲ್ಲಿ ಅವ್ವ ಮಾತಾಡುತ್ತಿದ್ದಳು. ‘ಆಕಿ ಇಲ್ಲವ್ವಾ. ಹ್ವಾದ್ಳು. ನೀ ಯಾರು?’ ನಲವತ್ತು ಕಿಲೋ, ಒಪ್ಪಿಗೆಯಿದ್ದರೆ ಒಂದು ಒತ್ತಿ ಎಂದು ಫೋನಿನ ಹೆಣ್ಣುದನಿ ಮತ್ತೆ ಹೇಳಿತು. ಯಾರ ಲಿಂಬೆ ಎಂದು ಅವ್ವ ಕೇಳಿದಳು. ದನಿ ತನ್ನದನ್ನೇ ಹೇಳಿತು. ‘ಕೇಳಿದ್ದಕ್ಕ ಉತ್ರ ಕೊಡವಲ್ಲಳು ಈಕಿ’ ಎಂದು ಅವ್ವ ನನ್ನ ಮುಖ ನೋಡಿದಳು.

ಇದ್ದದ್ದನ್ನು ಹೇಳಿದೆ. ಸುಮ್ಮನೆ ಒಂದು ಒತ್ತು, ಕೆಲಸ ಶುರುವಾಗುತ್ತದೆ, ಊಟ ಮಾಡೋಣ ಎಂದರು ಮಾಮ.

‘ಚೀಲಾ ನೋಡಿಲ್ಲ, ಕಾಟಾ ನೋಡಿಲ್ಲ. ಹೆಂಗ ಒತ್ಲಿ ಅಣ್ಣಾ?’

ಒತ್ತಲಿಲ್ಲ. ದನಿ ಸಾಕಾಗಿ ತಾನೇ ನಿಂತಿತು. ಮೇಲೆ ತೂಕವೂ ನಿಂತಿತು. ಪ್ರೋಗ್ರಾಂ ಸರಿಯಾಗಿದೆ, ಹೀಗೇ ನಿಲ್ಲಬೇಕು ಎಂದು ಮಾಮನಿಗೆ ವಿವರಿಸಿದೆ. ನಿಂತದ್ದನ್ನು ಶುರುವಾಯಿತು ಎಂದು ಯಾವ ಬಾಯಿಂದ ಹೇಳಲಿ ಎಂದು ಅವರು ಕೇಳಿದರು. ಸೋಮವಾರದವರೆಗೆ ಹೊರ್ತಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಉಣ್ಣುವಂತಿಲ್ಲವಾದ್ದರಿಂದ ಪಕ್ಕದ ಮನೆಯಲ್ಲಿ ಉಂಡರು. ಅವರ ಹಿಂದೆ ಅವ್ವನೂ ನಾನೂ ಅಲ್ಲಿಯೇ ಉಂಡೆವು. ಮಾಮಿ ಮಾಮನ ಅಂಗಿ ತೊಟ್ಟು, ರುಮಾಲು ಸುತ್ತಿ ಎಮ್ಮೆಯ ಮುಂದೆ ಕುಳಿತಳಂತೆ. ಎಮ್ಮೆ ಹಾಲು ಕೊಟ್ಟಿತು. ಆ ಸುದ್ದಿ ಕೇಳಿ ಮಾಮ ತಾವು ತೊಟ್ಟಿದ್ದ ಅಂಗಿಯನ್ನು ಒಮ್ಮೆ ನೋಡಿಕೊಂಡರು.

ಸೋಮವಾರ ಮಾಮ ನನ್ನನ್ನು ಒಂದು ಕೈಲಿ, ಅವ್ವನನ್ನು ಇನ್ನೊಂದು ಕೈಲಿ ಹಿಡಿದುಕೊಂಡು ಲಿಂಬೆಯ ಬಜಾರಕ್ಕೆ ನಡೆದರು. ಜನ ದಾರಿ ಬಿಟ್ಟರು. ಅವ್ವ ಅಕ್ಕನ ಫೋನು ಹಿಡಿದು ಕಾಟಾದ ಪಕ್ಕ ನಿಂತಳು. ಸಾಹುಕಾರರು ಇದೇನು ಹೊಸದು ಎಂಬಂತೆ ನನ್ನ ಕಡೆ ನೋಡಿದರು. ಸಾವಾದ ಮನೆಯವಳು, ಏನೂ ಅನ್ನುವಂತಿರಲಿಲ್ಲ.

ಮೊದಲ ಚೀಲ ಇಟ್ಟರು. ಸಾಹುಕಾರರ ಮನುಷ್ಯ ತೂಕ ಬರೆದ. ಅವ್ವನ ಕೈಯಲ್ಲಿ ಫೋನು ಬಡಿದುಕೊಂಡಿತು. ಅವಳು ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದಳು. ಒತ್ತಲಿಲ್ಲ. ಬಗ್ಗಿ ಚೀಲದ ಸುತ್ತ ನೋಡಿದಳು.

‘ಚೀಲಾ ಕಂಬಕ್ಕ ಒರಗೇತಿ. ಈಚಿ ಕಡೆ ಸರಸ್ರಿ.’

ಸರಿಸಿದರು. ಕಾಟಾದ ಅಂಕಿ ಒಂದಿಷ್ಟು ಮೇಲೇರಿತು. ಆ ಮನುಷ್ಯ ಮತ್ತೆ ಬರೆದ. ಫೋನು ಮತ್ತೆ ಬಂತು. ಅವ್ವ ಕಾಟಾ ನೋಡಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒಂದು ಒತ್ತಿದಳು. ತೂಕ ಮುಂದಕ್ಕೆ ಹೋಯಿತು, ಸವಾಲು ನಡೆಯಿತು, ಪಟ್ಟಿ ಬಂತು. ಸಾಕ್ಷಿಯ ಜಾಗದಲ್ಲಿ ಅಕ್ಕನ ನಂಬರು. ರೈತ ಪಟ್ಟಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡ.

ಆಯಿತೇ ಎಂದು ಮಾಮ ನನ್ನನ್ನು ಕೇಳಿದರು. ಆಯಿತು ಎಂದೆ. ಹಾಗಾದರೆ ಮನೆಗೆ ನಡೆಯಿರಿ, ಊಟ ಮಾಡೋಣ ಎಂದು ಅವ್ವನ ಕೈ ಹಿಡಿಯಲು ಹೋದರು. ಅವ್ವ ಕೈ ಕೊಡಲಿಲ್ಲ. ಹಿಂದೆ ಚೀಲಗಳ ಸಾಲು ಬಜಾರದ ಬಾಗಿಲವರೆಗೂ ಇತ್ತು.

‘ನೀವ್ ನಡೀರಿ’ ಎಂದಳು. ‘ಯಪ್ಪಾ, ಮುಂದಿನ ಚೀಲಾ ಇಡ್ರಿ.’