ನಿಧಾನಕ್ಕೆ ಬರೆಯುತ್ತಿದ್ದ ಯಂತ್ರ

ಮೊನ್ನೆ ಐವರ್ನಾಡಿನ ನೆಂಟರ ಮನೆಗೆ ಹೋಗಿದ್ದೆ. ಅವರ ಅಲಸಂಡೆ ಸಾಲಿನ ಮೇಲೆ ಹಳೆಯ ಕ್ಯಾಸೆಟ್ಟಿನ ಟೇಪನ್ನು ಉದ್ದಕ್ಕೆ ಎಳೆದು ಕಟ್ಟಿದ್ದರು. ಗಾಳಿ ಬಂದಾಗಲೆಲ್ಲ ಅದು ಗುಂಯ್ ಎನ್ನುತ್ತಿತ್ತು.

"ಅದರಲ್ಲಿ ಎಂತ ಉಂಟು?" ಎಂದು ಕೇಳಿದೆ.

"ಯಾರಿಗೆ ಗೊತ್ತು ಮಾರಾಯ್ರೆ! ನವಿಲಿಗೆ ಹೆದರಿಕೆ ಆಗ್ತದೆ. ನಮಗೆ ಅಷ್ಟು ಸಾಕು."

ನಾನೂ ನಕ್ಕೆ. ಆದರೆ ಊಟಕ್ಕೆ ಕೂತಾಗ ಸಾರು ಎರಡನೇ ಸಲ ಬಡಿಸಿದ್ದೇ ಗೊತ್ತಾಗಲಿಲ್ಲ. ಟೇಪಿನಲ್ಲಿ ಇದ್ದದ್ದು ಓದಲಾಗದೆ ಹೋಗುವುದು ಅಂದರೆ ಏನು ಎಂದು ನನಗೆ ಸ್ವಲ್ಪ ಗೊತ್ತುಂಟು. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಎಂಬತ್ತರ ದಶಕದ ನಡುವಿನ ಮಾತು. ಪುತ್ತೂರಿನ ಒಂದು ವಿದ್ಯಾಸಂಸ್ಥೆಯಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಟೈಪ್‌ರೈಟರಿನ ಕೀಲಿಗಳನ್ನು ಪೆಟ್ಟಿಗೆಗೆ ಅಂಟಿಸಿದ ಹಾಗಿದ್ದ ಅದಕ್ಕೆ ಪರದೆ ಎಂದರೆ ಒಂದು ಟಿ.ವಿ., ನೆನಪಿನ ಉಗ್ರಾಣ ಎಂದರೆ ಒಂದು ಟೇಪ್‌ರೆಕಾರ್ಡರ್. ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈಗೆ ನಾನು. ಆ ಕೀಲಿಕೈ ಜೇಬಿನಲ್ಲಿದ್ದಾಗ ನನ್ನ ನಡಿಗೆಯೇ ಬೇರೆ ಇತ್ತು ಎಂದು ಆಗಿನವರು ಈಗಲೂ ಹೇಳಿ ನಗುತ್ತಾರೆ.

ಆ ಯಂತ್ರವನ್ನು ನಿಜವಾಗಿ ಅರ್ಥ ಮಾಡಿಕೊಂಡದ್ದು ನಾನಲ್ಲ, ಅದೇ ಸಂಸ್ಥೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಸುಶೀಲಾ ಟೀಚರ್. ಅವರು ಒಂದು ಪುಟ್ಟ ಭಾಷೆಯನ್ನೇ ಕಟ್ಟಿದರು. 'ಹೋಗು', 'ತಿರುಗು', 'ಬಾಗು', 'ಎತ್ತು', 'ನಿಲ್ಲು' ಎಂದು ಇಪ್ಪತ್ತು ಇಪ್ಪತ್ತೈದು ಶಬ್ದ. ಹೇಳಿದಂತೆ ಪರದೆಯ ಮೇಲೆ ಒಂದು ಚುಕ್ಕೆ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಯಂತ್ರದಲ್ಲಿ ಜಾಗ ಬಹಳ ಕಡಿಮೆ. ಹಾಗಾಗಿ ಪ್ರತಿ ಶಬ್ದಕ್ಕೂ ಒಂದು ಸಂಖ್ಯೆ ಕೊಟ್ಟು, ಶಬ್ದಗಳನ್ನು ಅಳಿಸಿ, ಸಂಖ್ಯೆಗಳನ್ನು ಮಾತ್ರ ಟೇಪಿಗೆ ತುಂಬಿಸುತ್ತಿದ್ದರು. ಆ ಸಂಖ್ಯೆಗಳನ್ನು ಒಂದೊಂದಾಗಿ ಎತ್ತಿಕೊಂಡು ಅದರಂತೆ ಕೆಲಸ ಮಾಡಿಸಲು ಇನ್ನೊಂದು ಪ್ರೋಗ್ರಾಮು. ಅದನ್ನು ಟೀಚರ್ 'ನಡೆಸುವವ' ಎನ್ನುತ್ತಿದ್ದರು. ಆ ಸಂಖ್ಯೆಗಳಿಗೆ ಬೈಟ್‌ಕೋಡ್ ಎಂಬ ಹೆಸರುಂಟು, ನಡೆಸುವವನಿಗೆ ಇಂಟರ್‌ಪ್ರಿಟರ್ ಎನ್ನುತ್ತಾರೆ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಈ ಭಾಷೆಯಲ್ಲಿ ಟೀಚರ್ ಎರಡು ಬೇಸಗೆ ರಜೆ ಕೂತು ಕನ್ನಡದ ಅಕ್ಷರಗಳನ್ನು ಬರೆಸಿದರು. ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸಿ ಎಣಿಸಿ, ಎಲ್ಲಿಂದ ಶುರು, ಎಲ್ಲಿ ಬಾಗುವುದು, ಎಲ್ಲಿ ಕೈ ಎತ್ತುವುದು ಎಂದು. ಯಾರಿಗಾಗಿ ಎಂದರೆ, ಅತ್ತೆಗಾಗಿ.

ಅತ್ತೆ ಹೊನ್ನಮ್ಮನವರು ಕೊಲ್ಲಮೊಗ್ರಿನ ಕಡೆಯವರು, ಅರೆಭಾಷೆಯ ಗೌಡರ ಮನೆಯವರು. ಅರವತ್ತರ ಹತ್ತಿರ ವಯಸ್ಸು. ಮಗ ಸೊಸೆಯೊಟ್ಟಿಗೆ ಪುತ್ತೂರಿನಲ್ಲಿದ್ದರು. ಓದು ಬರಹ ಇಲ್ಲ. ಒಬ್ಬಳೇ ಮಗಳು ಕಮಲ ಕೊಡಗಿಗೆ ಮದುವೆಯಾಗಿ ಹೋಗಿದ್ದಳು. ಅವಳ ಕಾಗದ ಬಂದರೆ ಮಗ ಗಟ್ಟಿಯಾಗಿ ಓದಬೇಕು, ಮಗನೇ ಉತ್ತರ ಬರೆಯಬೇಕು.

"ಅವಳು ಬರೆದದ್ದು ನನಗೆ ಮಾಷ್ಟ್ರೆ, ಕೇಳುದು ಇಡೀ ಜಗಲಿ," ಎಂದು ಒಮ್ಮೆ ಅವರು ಹೇಳಿದರು. "ಅಮ್ಮನಿಗೆ ಮಾತ್ರ ಹೇಳುವಂಥದ್ದು ಎಂತಾದರೂ ಇದ್ದರೆ ಅವಳು ಬರೆಯುದು ಹೇಗೆ?"

ಸೊಸೆ ಸ್ಲೇಟು ಹಿಡಿದು ಕಲಿಸಬಹುದಿತ್ತಲ್ಲ ಎನ್ನುತ್ತೀರಿ. ಟೀಚರ್ ಪ್ರಯತ್ನ ಮಾಡಿದ್ದರು. ಆದರೆ ಮನೆಯಲ್ಲಿ ಸೊಸೆಗೆ ಎಂತದನ್ನೂ ತಾನೇ ಹೇಳಿಕೊಡಬೇಕಾದ ಅತ್ತೆ, ಸೊಸೆ ಕೈಹಿಡಿದು ತಿದ್ದಿಸುವಾಗ ಕೂತಾರೆ? ಟಿ.ವಿ. ಆದರೆ ಅಡ್ಡಿಯಿಲ್ಲ, ಅದು ಯಾರ ಸೊಸೆಯೂ ಅಲ್ಲ.

ಹಾಗೆ ಪ್ರತಿ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಅತ್ತೆ ಸೊಸೆ ಬರುತ್ತಿದ್ದರು. ಟೀಚರ್ ಟೇಪು ಹಾಕಿ ದೂರದ ಬೆಂಚಿನಲ್ಲಿ ಕೂತು ಪೇಪರು ತಿದ್ದುತ್ತಿದ್ದರು, ನೋಡದವರಂತೆ. ಪರದೆಯ ಮೇಲೆ ಚುಕ್ಕೆ ಹೊರಡುತ್ತಿತ್ತು, ಬಹಳ ನಿಧಾನ. ಹೊನ್ನಮ್ಮನವರು ಗಾಜಿನ ಮೇಲೆ ಬೆರಳಿಟ್ಟು ಅದರ ಹಿಂದೆಯೇ ಹೋಗುತ್ತಿದ್ದರು. ರ, ಗ, ಸ, ದ, ಅ. ಒಂದು ಅಕ್ಷರ ಮುಗಿಯುವಾಗ ನಾನು ಒಂದು ಚಹಾ ಮುಗಿಸಬಹುದಿತ್ತು.

ನನಗೆ ಆ ನಿಧಾನವನ್ನು ನೋಡಿ ನಾಚಿಕೆಯಾಗುತ್ತಿತ್ತು. ನನ್ನ ಕೀಲಿಕೈಯ ಕೋಣೆಯಲ್ಲಿ ಇಂಥ ಆಮೆಯೆ? ಪ್ರೋಗ್ರಾಮು ಬಿಚ್ಚಿ ನೋಡಿದೆ. ಟೀಚರ ನಡೆಸುವವ ಪ್ರತಿ ಸಂಖ್ಯೆಯನ್ನೂ "ನೀನು 'ಹೋಗು'ವಾ? ಅಲ್ಲವಾ? 'ತಿರುಗು'ವಾ? ಅಲ್ಲವಾ? 'ಬಾಗು'ವಾ?" ಎಂದು ಮೊದಲಿನಿಂದ ವಿಚಾರಿಸುತ್ತಿದ್ದ. ಹೊಸ ಪೋಸ್ಟ್‌ಮ್ಯಾನ್ ಒಂದೇ ಕಾಗದ ಹಿಡಿದು ಪೇಟೆಯ ಎಲ್ಲ ಬಾಗಿಲನ್ನೂ ತಟ್ಟಿದ ಹಾಗೆ. ನಾನು ಒಂದು ಪಟ್ಟಿ ಮಾಡಿದೆ. ಸಂಖ್ಯೆ ಕಂಡ ಕೂಡಲೇ ನೇರ ಆ ಮನೆಗೇ ಹೋಗಬೇಕು. ಅದಕ್ಕೆ ಟೀಚರು ಅಲ್ಲೊಂದು ಇಲ್ಲೊಂದು ಇಟ್ಟಿದ್ದ ಸಂಖ್ಯೆಗಳನ್ನೆಲ್ಲ ಬದಲಿಸಿ ಸಾಲಾಗಿ ಜೋಡಿಸಿದೆ. ಯಾವಾಗಲೂ ಜೊತೆಗೇ ಬರುವ 'ಹೋಗು, ತಿರುಗು' ಎರಡನ್ನೂ ಸೇರಿಸಿ ಒಂದೇ ಸಂಖ್ಯೆ ಮಾಡಿದೆ. ಯಂತ್ರ ಓಡಿತು! ನಾನು ಒಬ್ಬನೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿಕೊಂಡೆ. ಮತ್ತೆ ಹಳೆಯ ನಡೆಸುವವ ಇದ್ದ ಕ್ಯಾಸೆಟ್ಟಿನ ಮೇಲೆಯೇ ಹೊಸಬನನ್ನು ರೆಕಾರ್ಡು ಮಾಡಿದೆ. ಹಳೆಯವನ ಪ್ರತಿ ಬೇರೆ ಎಲ್ಲೂ ಇರಲಿಲ್ಲ; ಅವ ಇನ್ನು ಬೇಕಾದಾನು ಎಂದು ನನಗೆ ತೋಚಲೇ ಇಲ್ಲ.

ಮುಂದಿನ ಶನಿವಾರ ಟೀಚರ್ ಅಕ್ಷರದ ಟೇಪು ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ತುಂಬ ಅಡ್ಡಾದಿಡ್ಡಿ ಗೆರೆ. ಟೇಪಿನಲ್ಲಿದ್ದದ್ದು ಹಳೆಯ ಸಂಖ್ಯೆ. ಹೊಸಬನಿಗೆ ಅದರ ಅರ್ಥವೇ ಬೇರೆ.

"ಇದು ಯಾವ ಅಕ್ಷರ ಮಾಷ್ಟ್ರೆ? ಕೋಳಿ ಕೆದಕಿದ ಹಾಗೆ ಉಂಟು," ಎಂದು ಹೊನ್ನಮ್ಮನವರು ನಕ್ಕರು.

ನಾನು ಗಡಿಬಿಡಿಯಲ್ಲಿ 'ಅ' ಒಂದನ್ನು ಹೊಸದಾಗಿ ಕೂತು ಬರೆದು ತೋರಿಸಿದೆ. ಛಕ್ಕನೆ ಬಂತು. ಅವರ ಬೆರಳು ಗಾಜಿಗೆ ಮುಟ್ಟುವ ಮೊದಲೇ ಅಕ್ಷರ ಮುಗಿದಿತ್ತು.

"ಎಂತ ಇಷ್ಟು ಅರ್ಜೆಂಟು? ಇದಕ್ಕೆ ಸುಬ್ರಹ್ಮಣ್ಯದ ಬಸ್ಸು ತಪ್ತದಾ?"

ಟೀಚರ್ ನಗಲಿಲ್ಲ. "ಸರ್, ಅತ್ತೆಗೆ ಹಳೆಯ ನಿಧಾನವೇ ಬೇಕಾದ್ದು," ಎಂದರು.

"ಹಳೆಯ ಟೇಪನ್ನು ಹೊಸ ಸಂಖ್ಯೆಗೆ ತಿರುಗಿಸುವ ಪ್ರೋಗ್ರಾಮು ಮಾಡಿ ಕೊಡ್ತೇನೆ ಟೀಚರ್. ನಿಧಾನವನ್ನೂ ಸೇರಿಸ್ತೇನೆ. ಎರಡು ದಿನದ ಕೆಲಸ."

ಸುಳ್ಳಲ್ಲ, ಎರಡೇ ದಿನದ ಕೆಲಸ. ಆದರೆ ಆ ಎರಡು ದಿನ ನನಗೆ ಸಿಗಲೇ ಇಲ್ಲ, ಏಕೆಂದರೆ ನಡೆಸುವವನನ್ನು ಇನ್ನಷ್ಟು ಓಡಿಸುವ ಹುಚ್ಚು ಹಿಡಿದಿತ್ತು. ವಾರಕ್ಕೊಮ್ಮೆ ಸಂಖ್ಯೆಗಳನ್ನು ಮತ್ತೆ ಬದಲಿಸುತ್ತಿದ್ದೆ. ಶನಿವಾರದ ಪಾಠ ನಿಂತೇಹೋಯಿತು. ಟೀಚರ್ ತಾವೇ ತಿರುಗಿಸಿಕೊಳ್ಳೋಣವೆಂದರೆ ಹೊಸ ಪಟ್ಟಿ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಮೊದಲು ಒಮ್ಮೆ ಕೇಳಿದರು, "ಆಯ್ತಾ ಸರ್?" ಮಳೆ ಹೊಡೆಯುವ ಆಟಿ ತಿಂಗಳಲ್ಲಿ ಇನ್ನೊಮ್ಮೆ ಕೇಳಿದರು. ನವರಾತ್ರಿಗೆ ಮೊದಲು ಮತ್ತೊಮ್ಮೆ. "ಈ ವಾರ ಖಂಡಿತ," ಎಂದೆ. ಆಮೇಲೆ ಅವರು ಕೇಳಲಿಲ್ಲ. ಕೇಳದಿದ್ದದ್ದು ನನಗೆ ನೆಮ್ಮದಿಯೇ ಆಯಿತು. ನೋಡಿ, ಮನುಷ್ಯ ಎಷ್ಟು ಸಣ್ಣವನಾಗಬಹುದು.

ಆ ಚಳಿಗಾಲದಲ್ಲಿ ಹೊನ್ನಮ್ಮನವರು ಎರಡು ದಿನದ ಜ್ವರದಲ್ಲಿ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ವಾರ ನಾನು ಕೂತು ಆ ಪ್ರೋಗ್ರಾಮು ಮುಗಿಸಿದೆ. ಟೇಪು ಕೊಡಲು ಹೋದಾಗ ಟೀಚರ್ ತೆಗೆದುಕೊಂಡರು. "ಇನ್ನು ಯಾರಿಗೆ ಸರ್," ಎಂದರು, ಅಷ್ಟೆ. ಮತ್ತೆ ಆ ಕೋಣೆಗೆ ಅವರು ಬಂದದ್ದು ನಾನು ಕಾಣಲಿಲ್ಲ.

ಐವರ್ನಾಡಿನಿಂದ ಬಂದ ಮರುದಿನ ಟೀಚರಿಗೆ ಫೋನು ಮಾಡಿದೆ. ನಿವೃತ್ತರಾಗಿ ಪುತ್ತೂರಿನ ಹತ್ತಿರದ ಸವಣೂರಿನಲ್ಲಿದ್ದಾರೆ. ಆರೋಗ್ಯ, ಮಳೆ ಎಲ್ಲ ಮಾತಾಡಿ, ಕೊನೆಗೆ ಇಷ್ಟು ವರ್ಷ ಬಾಯಿಗೆ ಬಾರದ್ದನ್ನು ಹೇಳಿದೆ. "ಟೀಚರ್, ಅತ್ತೆಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು."

"ನಿಮಗೆ ಒಂದು ವಿಷಯ ಗೊತ್ತಿಲ್ಲ ಸರ್. ಆ ವರ್ಷ ಕಮಲನ ಕಾಗದ ಬಂದರೆ ಅತ್ತೆ ಓದಲಿಕ್ಕೆ ಯಾರಿಗೂ ಕೊಡ್ತಿರಲಿಲ್ಲ. ಎಲ್ಲ ಅಕ್ಷರ ಕಲಿತು ತಾನೇ ಓದ್ತೇನೆ ಅಂತ. ಹೋದ ಮೇಲೆ ಪೆಟ್ಟಿಗೆಯಲ್ಲಿ ಐದು ಕಾಗದ ಸಿಕ್ಕಿತು. ಒಂದನ್ನೂ ಒಡೆದಿರಲಿಲ್ಲ. ನಾವೂ ಒಡೆಯಲಿಲ್ಲ, ಕಮಲನ ಕೈಗೇ ಕೊಟ್ಟೆವು."

"ಕಮಲ ಏನೆಂದರು?"

"ಉತ್ತರ ಬಾರದ್ದಕ್ಕೆ ಅಮ್ಮನಿಗೆ ಸಿಟ್ಟು ಬಂದಿದೆ ಅಂತ ತಿಳಿದಿದ್ದಳಂತೆ. ತಾನೇ ಓದಬೇಕು ಅಂತ ಇಟ್ಟದ್ದು ಅಂದೆ. ಮತ್ತೆ ಅಮ್ಮ ಯಾಕೆ ಕಲಿಯುದು ಬಿಟ್ಟರು ಅಂತ ಕೇಳಿದಳು. ಮಳೆಗಾಲ, ಶಾಲೆವರೆಗೆ ನಡೆಯಲಿಕ್ಕೆ ಆಗಲಿಲ್ಲ ಅಂದುಬಿಟ್ಟೆ. ನಿಮ್ಮ ಹೆಸರು ಹೇಳಲಿಲ್ಲ ಸರ್."

ನಾನು ಪೆನ್ನು ತೆಗೆದು ಕಮಲಳ ವಿಳಾಸ ಕೇಳಿದೆ.

"ಈಗ ಎಂತಕ್ಕೆ ಸರ್? ಅವಳಿಗೂ ಎಪ್ಪತ್ತಾಯಿತು."

"ಹೇಳಿ ಟೀಚರ್, ಬರೆದುಕೊಳ್ತೇನೆ."

ಈಗ ಕಮಲಳಿಗೆ ಕಾಗದ ಬರೆಯಲು ಕೂತಿದ್ದೇನೆ. ಪರಿಚಯ, ಕುಶಲ ಎಂದು ಶುರುಮಾಡಿ ಮೂರು ಹಾಳೆ ಹರಿದೆ. ನಾಲ್ಕನೆಯದರಲ್ಲಿ ನೇರವಾಗಿ ಬರೆದೆ: 'ನಿಮ್ಮ ಅಮ್ಮ ಮಳೆಗೆ ಹೆದರಿದವರಲ್ಲ. ಅವರು ಕಲಿಯುವುದನ್ನು ಬಿಡಲಿಲ್ಲ, ನಾನು ಬಿಡಿಸಿದೆ.'